ಉಗುರಿನಷ್ಟು ಸೋಲಾರ್

ಹೆಂಡತಿಯ ತವರಿನವರ ಮುಂದೆ ನಮ್ಮ ಕೆಲಸದ ಬಗ್ಗೆ ಮಾತಾಡುವಾಗ ಬಹಳ ಎಚ್ಚರ ಬೇಕು. ಅವರು ಕೇಳಿಸಿಕೊಳ್ಳದಿದ್ದರೆ ಬೇಸರ. ಕೇಳಿಸಿಕೊಂಡು ನಂಬಿಬಿಟ್ಟರೆ ಅದಕ್ಕಿಂತ ಕಷ್ಟ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಜೊತೆಗೆ ಪಿಎಚ್‌ಡಿಗೆಂದು ಪ್ಲಾಸ್ಟಿಕ್ ಸೌರಕೋಶ ಮಾಡುತ್ತಿದ್ದೆ. ಅಥಣಿ ಕಡೆ ದ್ರಾಕ್ಷಿ ತೋಟವಿರುವ ನನ್ನ ಮಾವನವರಿಗೆ ಒಮ್ಮೆ ನಮ್ಮ ಮನೆಗೆ ಬಂದಾಗ ಊಟದ ಹೊತ್ತಿನಲ್ಲಿ, "ಮುಂದ ಸೋಲಾರನ್ನ ಗ್ವಾಡಿಗೆ ಬಣ್ಣ ಬಳದಂಗ ಬಳೀಬಹುದ್ರಿ" ಎಂದುಬಿಟ್ಟೆ. ಅವರು ಊರಿಗೆ ಹೋಗಿ, ಅಳಿಯ ಪಂಪ್‌ಸೆಟ್ಟಿಗೆ ಕರೆಂಟು ತಯಾರಿಸುತ್ತಿದ್ದಾನೆಂದು ಸಾರಿದರು.

ನನ್ನ ಪರಿಸ್ಥಿತಿಯೋ ಬೇರೆಯೇ. ಎರಡು ಪದಾರ್ಥ ಬೆರೆಸಬೇಕು: ಒಂದು ಬಿಸಿಲು ಹೀರಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಇನ್ನೊಂದು ಅದನ್ನು ಹೊತ್ತು ಸಾಗಿಸುತ್ತದೆ. ಮೊದಲನೆಯದು ಹೆಚ್ಚಾದರೆ ಎಲೆಕ್ಟ್ರಾನಿಗೆ ದಾರಿ ಸಿಗದು. ಎರಡನೆಯದು ಹೆಚ್ಚಾದರೆ ದಾರಿ ಉಂಟು, ಬಿಸಿಲು ಹೀರುವವರಿಲ್ಲ. ತಿಂಗಳುಗಟ್ಟಲೆ ಪ್ರಮಾಣ ಬದಲಿಸುತ್ತ ಕುಳಿತು ನಾನು ಎಷ್ಟು ಕೆಟ್ಟಿದ್ದೆನೆಂದರೆ, ಚಹಾಕ್ಕೂ ಹಾಲು ಅಳೆದು ಹಾಕುತ್ತಿದ್ದೆ. ಹೆಂಡತಿ ಸುನಂದಾ ನನ್ನನ್ನು ಅಡುಗೆಮನೆಯಿಂದಲೇ ಹೊರಹಾಕಿದಳು.

ಕಡೆಗೊಮ್ಮೆ ಒಂದು ಮಿಶ್ರಣ ಕೂಡಿಬಂತು. ಸುನಂದಾಳಿಂದ ಸುದ್ದಿ ತಿಳಿದು ಮರುದಿನವೇ ಮಾವನವರು ಇಬ್ಬರು ಗೆಳೆಯರೊಂದಿಗೆ ಲ್ಯಾಬಿಗೆ ಬಂದರು. ಗಾಜಿನ ತುಂಡೊಂದನ್ನು ಮೀಟರಿಗೆ ಜೋಡಿಸಿ ಕಿಟಕಿಯ ಬಿಸಿಲಿಗೆ ಹಿಡಿದೆ. ಅದರ ಮೇಲಿನ ಕೋಶ ಉಗುರಿನಷ್ಟು.

"ಇಷ್ಟ ಏನ್ರಿ?" ಎಂದರು ಒಬ್ಬ ಗೆಳೆಯರು.

"ಬಲ್ಬರೆ ಹತ್ತತೈತೋ ಇಲ್ಲೋ?" ಎಂದರು ಇನ್ನೊಬ್ಬರು.

"ಇಲ್ರಿ" ಎಂದೆ. ಮಾವನವರ ಮುಖ ನೋಡುವ ಧೈರ್ಯ ಬರಲಿಲ್ಲ.

ಅವರು ಮೀಟರಿನತ್ತ ಬಗ್ಗಿ, "ಈ ಮುಳ್ಳು ಯಾಕ ಮ್ಯಾಲ ನಿಂತೈತ್ರಿ ಅಳಿಯಾರ?" ಎಂದು ಕೇಳಿದರು.

"ಬಿಸಲಿಗ್ರಿ ಮಾವಾರ."

ತಲೆಯ ಟೊಪ್ಪಿಗೆ ತೆಗೆದು ಕೋಶಕ್ಕೆ ನೆರಳು ಹಿಡಿದರು, ಮುಳ್ಳು ಇಳಿಯಿತು. ಸರಿಸಿದರು, ಏರಿತು. ಮಾವನವರು ಗೆಳೆಯರ ಕಡೆ ತಿರುಗಿ, "ನೋಡ್ರೋ! ನೆರಳು ಬಿದ್ರ ಇದಕ್ಕ ತಿಳೀತೈತಿ! ಈಗ ಕಣ್ಣು ಬಿಟ್ಟ ಕೂಸು ಐತಿ, ಇವತ್ತ ನೀರ ಎತ್ತು ಅಂದ್ರ ಹೆಂಗ?" ಎಂದರು. ಗೆಳೆಯರೂ ಪಾಳಿಯಂತೆ ಟೊಪ್ಪಿಗೆ ಹಿಡಿದು ನಕ್ಕರು.

ಗಾಳಿ ತಾಕಿ ಕೋಶ ಕೆಲವೇ ದಿನಗಳಲ್ಲಿ ಸತ್ತಿತು. ತಿಳಿಸೋಣವೆನ್ನುವಷ್ಟರಲ್ಲಿ ಮಾವನವರದೇ ಫೋನು: "ರವಿವಾರ ನಿಮ್ಮ ಅತ್ತೀನ್ನೂ ಕರಕೊಂಡ ಬರ್ತೀನ್ರಿ. ಆಕಿನೂ ನೋಡ್ಲಿ."

"ಬರ್ರಿ ಬರ್ರಿ" ಎಂದೆ. ಪಿಎಚ್‌ಡಿ ಗೈಡ್ ಎಷ್ಟು ಬೈದರೂ ರಜೆಯ ಹೊತ್ತಿನಲ್ಲಿ ಲ್ಯಾಬಿನತ್ತ ತಲೆ ಹಾಕದ ನಾನು, ಶನಿವಾರ ಮಧ್ಯಾಹ್ನ ಊಟ ಬಿಟ್ಟು, ಅತ್ತೆಯವರಿಗಾಗಿ ಮತ್ತೆ ಅದೇ ಪ್ರಮಾಣ ಬೆರೆಸುತ್ತ ಕುಳಿತೆ.