ಅಬ್ಬಲಿಗಿ ಸ್ಟಾಕ್ ಇಲ್ಲ

ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದ ಗಂಡಸು ಮನೆಯಲ್ಲಿ ಸುಮ್ಮನೆ ಕೂರಬಾರದು ಎಂಬುದು ನನ್ನ ಅಭಿಪ್ರಾಯ. ಸುಮ್ಮನೆ ಕೂತಿದ್ದರೇ ಚೆನ್ನಾಗಿತ್ತು ಎಂಬುದು ನನ್ನ ಹೆಂಡತಿ ಸತ್ಯಭಾಮೆಯದು. ಈ ಭಿನ್ನಾಭಿಪ್ರಾಯ ಹುಟ್ಟಿದ್ದು ೨೦೦೨ರಲ್ಲಿ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಅವಳು ನಡೆಸುತ್ತಿದ್ದ ನರ್ಸರಿಯನ್ನು ನಾನು ಗಣಕೀಕರಣಗೊಳಿಸಲು ಹೊರಟಾಗ. (ಈ ಘನವಾದ ಪದವನ್ನು ಅವಳೆದುರು ಉಚ್ಚರಿಸಿದಾಗಲೆಲ್ಲ ಅವಳು, "ಆ ಗೊಬ್ಬರದ ಮೂಟೆ ಸ್ವಲ್ಪ ಆಚೆ ಸರಿಸ್ರೀ" ಎನ್ನುತ್ತಿದ್ದಳು.)

ಜಯನಗರ ನಾಲ್ಕನೇ ಬ್ಲಾಕಿನಿಂದ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರನ್ನೂ, ಸ್ಟಾಕ್ ನೋಡಿಕೊಳ್ಳುವ ಒಂದು ಸಾಫ್ಟ್‌ವೇರನ್ನೂ ತಂದೆ. ಸಾಫ್ಟ್‌ವೇರು ಮೂಲತಃ ಮೆಡಿಕಲ್ ಶಾಪಿನವರಿಗೆಂದು ಮಾಡಿದ್ದು. ಹಾಗಾಗಿ ಪ್ರತಿ ಗಿಡಕ್ಕೂ ಎಕ್ಸ್‌ಪೈರಿ ಡೇಟ್ ಕೇಳುತ್ತಿತ್ತು.

"ತುಳಸಿಗೆ ಸಾಯೋ ತಾರೀಖು ಬರೀತೀರೇನ್ರೀ!" ಸತ್ಯಭಾಮೆ ಕೈಯಲ್ಲಿದ್ದ ನೀರಿನ ಪೈಪನ್ನು ನನ್ನತ್ತ ತಿರುಗಿಸಿಯೇ ಕೇಳಿದಳು.

"ಬರೀದಿದ್ರೆ ಅದು ಮುಂದಕ್ಕೆ ಹೋಗಲ್ಲ ಕಣೇ."

"ಹಾಗಾದ್ರೆ ನೀವೂ ಹೋಗ್ಬೇಡಿ."

ಹೋದೆ. ಹೋಗಿ ಒಂದು ಶಾಸನವನ್ನೂ ಹೊರಡಿಸಿದೆ: ಒಂದು ಗಿಡಕ್ಕೆ ಒಂದೇ ಹೆಸರು. ಅವಳೋ ಒಂದೇ ಗಿಡವನ್ನು ಬೆಳಿಗ್ಗೆ ನಿತ್ಯಪುಷ್ಪ ಎಂದರೆ ಮಧ್ಯಾಹ್ನ ಕಾಶಿ ಕಣಗಿಲೆ ಎನ್ನುತ್ತಿದ್ದಳು.

"ಎರಡೆರಡು ಹೆಸರಿಟ್ಕೊಂಡು ಬಂದ್ರೆ ಬ್ಯಾಂಕಲ್ಲಿ ಖಾತೇನೇ ತೆಗೆಯಲ್ಲ, ಗೊತ್ತಾ?" ಎಂದೆ.

"ಗಿಡ ಬಂದು ಖಾತೆ ಕೇಳಿದ್ರೆ ಹೇಳ್ಕಳಿಸ್ತೀನಿ. ಬರೋರು ಯಾವ ಹೆಸ್ರಲ್ಲಿ ಕೇಳ್ತಾರೋ ಅದೇ ಅದರ ಹೆಸ್ರು."

ಇಂಥ ಅರಾಜಕತೆಗೆ ಮಣಿಯದೆ, ಪ್ರತಿ ಗಿಡಕ್ಕೂ ಒಂದೇ ಹೆಸರು ಹಾಕಿ ಮುಗಿಸಿದೆ.

ಅದಾದ ವಾರಕ್ಕೆ ಸತ್ಯಭಾಮೆ ಉತ್ತರಹಳ್ಳಿಯಲ್ಲಿದ್ದ ಚಿಕ್ಕಮ್ಮನನ್ನು ನೋಡಲು ಹೋದಳು. ನರ್ಸರಿಯ ಸಮಸ್ತ ಆಡಳಿತ ನನ್ನ ಕೈಗೆ ಬಂತು. ಅವಳು ಬಸ್ ಹತ್ತಿರಬೇಕು, ಅಷ್ಟರಲ್ಲೇ ಫೋನ್ ಬಡಿದುಕೊಂಡಿತು.

"ನರ್ಸರಿ, ಕಂಪ್ಯೂಟರ್ ವಿಭಾಗ" ಎಂದೆ.

"ನಾ ಬಿಟಿಎಂ ಲೇಔಟಿಂದ ರೇಣವ್ವ ಮಾತಾಡೂದ್ರಿ, ಊರು ಧಾರವಾಡ ಕಡೆ. ನಾಳೆ ನನ್ನ ಮಗಳು ಭಾಗ್ಯಜ್ಯೋತಿದು ಕುಬಸ ಐತ್ರಿ." (ಕುಬಸವೆಂದರೆ ನಮ್ಮ ಕಡೆಯ ಸೀಮಂತ.) "ಬಂದ ಹೆಣ್ಮಕ್ಕಳಿಗೆ ಉಡಿ ತುಂಬಿ, ಒಂದೊಂದು ಅಬ್ಬಲಿಗಿ ಸಸಿ ಕೊಡಬೇಕಂತ ಮಾಡೇವಿ. ಇಪ್ಪತ್ತು ಸಸಿ ಅದಾವೇನ್ರಿ?"

ಕಂಪ್ಯೂಟರನ್ನು ಕೇಳಿದೆ. ಅಬ್ಬಲಿಗಿ, ಅಬ್ಬಲಿಗೆ, ಅಬ್ಬಳಿಗೆ... ಹೇಗೆ ಬರೆದರೂ ಅದು ಸೊನ್ನೆ ತೋರಿಸಿತು.

"ಸ್ಟಾಕ್ ಇಲ್ಲ ಮೇಡಂ."

ಆ ಕಡೆ ದನಿ ಕುಗ್ಗಿತು. "ಮಗಳು ಅದs ಬೇಕಂತ ಹಟಾ ಹಿಡಿದಾಳ್ರಿ. ನಮ್ಮ ಹಿತ್ತಲದಾಗ ಬೆಳೀತಿದ್ದ ಹೂವು. ಬಸುರಿ ಹುಡುಗಿಗೆ ಇಲ್ಲ ಅನ್ನಾಕ ನನಗ ಬಾಯಿ ಬರವಲ್ದು."

ಬ್ಯಾಂಕಿನಲ್ಲಿ ಮೂವತ್ತು ವರ್ಷ 'ಇಲ್ಲ' ಎನ್ನುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ನನಗೂ ಅವತ್ತು ಬಾಯಿ ಬರಲಿಲ್ಲ. "ಸಂಜೆ ಬನ್ನಿ, ತರಿಸಿಟ್ಟಿರ್ತೀನಿ" ಎಂದುಬಿಟ್ಟೆ.

ನರ್ಸರಿಗೆ ಬೀಗ ಹಾಕಿ ಮಡಿವಾಳಕ್ಕೆ ಹೋದೆ. ಮಾರ್ಕೆಟ್ಟಿನ ಹಿಂದೆ ಚಿಕ್ಕಬೈರಪ್ಪ ಎಂಬ ಸಗಟು ಗಿಡದ ವ್ಯಾಪಾರಿ ಸಿಕ್ಕಿದ.

"ಅಬ್ಬಲಿಗಿನಾ? ಇದೆ ಸಾರ್. ಧಾರವಾಡದ ಕಡೆಯವ್ರು ಬಹಳ ಕೇಳ್ತಾರೆ" ಎಂದು ನೆರಳಿನಲ್ಲಿದ್ದ ಸಾಲು ತೋರಿಸಿದ.

"ಹೂವೇ ಇಲ್ವಲ್ಲಪ್ಪಾ?"

"ಬೆಳಿಗ್ಗೇನೆ ಕಿತ್ತು ಹೂವಿನವ್ರಿಗೆ ಕೊಟ್ವಿ ಸಾರ್. ಗಿಡ ಮಾತ್ರ ಕಣ್ಮುಚ್ಕೊಂಡು ತಗೊಳ್ಳಿ. ಬನಶಂಕರಿ ಕಡೆ ಒಬ್ರು ಮೇಡಂ ಬೆಳೀತಾರೆ. ಏನ್ ಕೈಗುಣ ಅಂತೀರಾ!"

"ವಿಳಾಸ ಕೊಡಿ. ನಮ್ಮನೆಯೋರನ್ನ ಕಳಿಸ್ತೀನಿ, ಒಂದಿಷ್ಟು ಕಲ್ತುಕೊಂಡ್ ಬರ್ಲಿ" ಎಂದೆ.

ಚಿಕ್ಕಬೈರಪ್ಪ ನಕ್ಕು, ಕೇಳಿದ ರೇಟಿಗೆ ಒಂದು ಪೈಸೆ ಇಳಿಸದೆ, ಗಿಡಗಳನ್ನು ಟೆಂಪೋಗೆ ಏರಿಸಿದ. ಪಕ್ಕದಲ್ಲಿ ನಾನೂ ಏರಿದೆ, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ.

ಮನೆ ಮುಂದೆ ಇಳಿಯುವಾಗ ಸತ್ಯಭಾಮೆ ಆಗಲೇ ಬಂದು ಗಿಡಗಳಿಗೆ ನೀರು ಹಾಕುತ್ತಿದ್ದಳು. ಟೆಂಪೋದೊಳಗೆ ಇಣುಕಿ ಗಾಬರಿಯಾದಳು.

"ಅಯ್ಯೋ, ನಮ್ ಕನಕಾಂಬರ ಯಾಕ್ರೀ ವಾಪಸ್ ಬಂತು? ಚಿಕ್ಕಬೈರಪ್ಪ ಬೇಡ ಅಂದ್ಬಿಟ್ನಾ?"

"ಕನಕಾಂಬರ ಅಲ್ಲಮ್ಮಾ ಇದು. ಅಬ್ಬಲಿಗಿ!" ಗಂಭೀರವಾಗಿ ಹೇಳಿದೆ.

ಅವಳು ನನ್ನ ಕೈ ಹಿಡಿದು ನರ್ಸರಿಯ ಹಿಂಭಾಗಕ್ಕೆ ಕರೆದೊಯ್ದಳು. ಅಲ್ಲಿ ಅದೇ ಎಲೆ, ಅದೇ ಎತ್ತರದ ಗಿಡಗಳು ಸಾಲಾಗಿ ನಿಂತಿದ್ದವು. ಮೇಲೆಲ್ಲ ಕಿತ್ತಳೆ ಬಣ್ಣದ ಹೂವು. ಗಿಡಗಳನ್ನು ಕಡ್ಡಿಗೆ ಕಟ್ಟಿದ್ದ ನೀಲಿ ಗೆರೆಯ ಬಟ್ಟೆ ನನ್ನ ಹಳೆಯ ಬ್ಯಾಂಕಿನ ಷರಟಿನದು. ತಿರುಗಿ ಟೆಂಪೋ ನೋಡಿದೆ. ಅಲ್ಲೂ ನನ್ನದೇ ಷರಟು.

"ಎರಡೂ ಒಂದೇ ಕಣ್ರೀ, ಹೋದ ವಾರ ನಾನೇ ಅವನಿಗೆ ಮಾರಿದ್ದು" ಎಂದಳು ಮೆಲ್ಲಗೆ.

"ಕಂಪ್ಯೂಟರಲ್ಲಿ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದೆ.

ಬೈಗುಳ ಬರುತ್ತದೆಂದು ಕಾದೆ. ಆಗ ಗೇಟಿನಲ್ಲಿ ರೇಣವ್ವ ಕಾಣಿಸಿಕೊಂಡು, "ಅಬ್ಬಲಿಗಿ ಬಂದಾವೇನ್ರಿ?" ಎಂದರು. ಸತ್ಯಭಾಮೆ ನನ್ನ ಮಾನ ಕಾಪಾಡುವಂತೆ, "ನಿಮಗೋಸ್ಕರ ಮಡಿವಾಳದಿಂದ ಸ್ಪೆಷಲ್ಲಾಗಿ ತರಿಸಿದ್ದು" ಎಂದು ಗಿಡ ತೋರಿಸಿ, ನಮ್ಮ ಮಾಮೂಲಿ ರೇಟನ್ನೇ ಹೇಳಿದಳು. ಹಿಂದಿನ ಸಾಲಿನಿಂದ ಹೂ ಬಿಡಿಸಿ, ಹುಡುಗಿಗೆಂದು ಮಾಲೆ ಕಟ್ಟಿಯೂ ಕೊಟ್ಟಳು. ನಾನು ಗಿಡಗಳನ್ನು ಅವರ ಆಟೋಗೆ ಏರಿಸುತ್ತ ತಲೆ ತಗ್ಗಿಸಿಯೇ ಇದ್ದೆ. ರೇಣವ್ವ ಹೊರಡುವಾಗ ನಮ್ಮಿಬ್ಬರಿಗೂ ಊಟಕ್ಕೆ ಬರಲೇಬೇಕೆಂದು ಹೇಳಿದರು.

ಅವರು ಹೋದ ಮೇಲೆ ಸತ್ಯಭಾಮೆ ಎರಡು ಲೋಟ ಕಾಫಿ ತಂದು ಕಂಪ್ಯೂಟರಿನ ಮುಂದೆ ನನ್ನ ಪಕ್ಕ ಕೂತಳು.

"ಇನ್ನೊಂದ್ ಹೆಸ್ರು ಹಾಕೋಕೆ ಇದ್ರಲ್ಲಿ ಜಾಗ ಇಲ್ವಾ?"

ಮಾತ್ರೆ ಕಂಪನಿಯ ಹೆಸರು ಬರೆಯುವ ಜಾಗ ಖಾಲಿಯಿತ್ತು. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಯಾವ ಗಿಡವನ್ನು ಮಂಗಳೂರಿನವರು ಏನೆನ್ನುತ್ತಾರೆ, ತಮಿಳಿನವರು ಏನೆನ್ನುತ್ತಾರೆ ಎಂದು ಅವಳಿಗೆ ಇಷ್ಟೆಲ್ಲ ಗೊತ್ತೆಂದು ನನಗೆ ಗೊತ್ತಿರಲಿಲ್ಲ. ಕಾಫಿ ಆರಿಹೋಯಿತು, ಇಬ್ಬರಿಗೂ ಗಮನವಿರಲಿಲ್ಲ.

ಮರುದಿನ ಬಿಟಿಎಂನ ಆ ಪುಟ್ಟ ಬಾಡಿಗೆ ಮನೆಗೆ ಹೋದೆವು. ಭಾಗ್ಯಜ್ಯೋತಿ ಹಸಿರು ಸೀರೆಯುಟ್ಟು, ಜಡೆ ತುಂಬ ಆ ಹೂ ಮುಡಿದು ಕೂತಿದ್ದಳು. ಊಟಕ್ಕೆ ಕೂತಾಗ ರೇಣವ್ವ ಪಂಕ್ತಿಯ ಎಲ್ಲರಿಗೂ ಕೇಳುವಂತೆ ನನ್ನನ್ನು ಪರಿಚಯಿಸಿದರು.

"ಇವ್ರು ಅಕ್ಕಾರ ಹತ್ರ ಹೊಸದಾಗಿ ಕೆಲಸಕ್ಕ ಸೇರ್‍ಯಾರ. ಪಾಪ, ಈ ವಯಸ್ಸಿನ್ಯಾಗ ನಮ್ಮ ಸಲುವಾಗಿ ಮಡಿವಾಳದ ತನಕಾ ಹೋಗಿ ಬಂದಾರ್ರಿ. ಭಾಳ ನಿಯತ್ತಿನ ಮನುಷ್ಯಾ. ಬಿಡಬ್ಯಾಡ್ರಿ ಅಕ್ಕಾರ."

ನಾನು ಸತ್ಯಭಾಮೆಯ ಮುಖ ನೋಡಿದೆ. ಈಗ ನಿಜ ಹೇಳುತ್ತಾಳೆ ಎಂದುಕೊಂಡೆ.

"ಎಲ್ಲಿ ಬಿಡ್ಲಿ ರೇಣವ್ವ," ಎಂದಳು, ನಗು ತಡೆಯಲು ಸೆರಗನ್ನು ತುಟಿಗೊತ್ತಿಕೊಂಡು. "ಕೆಲ್ಸ ಇನ್ನೂ ಕಲೀತಿದಾರೆ. ಆದ್ರೆ ಇವ್ರಿಲ್ದಿದ್ರೆ ನಂಗೆ ದಿನಾನೇ ಹೋಗಲ್ಲ."

"ಹಂಗಾರ ಪಗಾರ ಹೆಚ್ಚಿಗಿ ಮಾಡ್ರಿ!"

"ಮಾಡೋಣ. ಸದ್ಯಕ್ಕೆ ಇನ್ನೊಂದು ಹೋಳಿಗೆ ಹಾಕಿ ಇವ್ರಿಗೆ."

ಹೋಳಿಗೆ ಬಂತು, ಮೇಲೆ ತುಪ್ಪವೂ ಬಂತು.

"ಥ್ಯಾಂಕ್ಸ್ ಮೇಡಂ" ಎಂದೆ.