ಶುಕ್ರವಾರದೊಳಗೆ ನೇಮ್‌ಸರ್ವರ್ ಬದಲಾಯಿಸಿ

ನೆಟ್ಟಗೆ ನಡೆಯುತ್ತಿರುವ ವೆಬ್‌ಸೈಟಿನ ಬಗ್ಗೆ ಯಾರೂ ನನಗೆ ಫೋನ್ ಮಾಡುವುದಿಲ್ಲ. ಫೋನ್ ಬಂತು ಅಂದರೆ ಯಾರದೋ ಸೈಟ್ ಸತ್ತಿದೆ, ಬೈಯೋಕೆ ನಾನೊಬ್ಬಳು ಬೇಕು. ಮೂಕಂಡಪಲ್ಲಿಯಲ್ಲಿ ಟೈರ್ ಅಂಗಡಿಯ ಮೇಲೊಂದು ರೂಮಿಟ್ಟುಕೊಂಡು ಹನ್ನೊಂದು ವರ್ಷದಿಂದ ಇದೇ ನನ್ನ ಹಣೆಬರಹ.

ಏನಮ್ಮ ಕೆಲಸ ಅಂತ ಕೇಳಿದವರಿಗೆ ಹೀಗೆ ಹೇಳುತ್ತೇನೆ. ಹೊಸಬರು ಊರಿಗೆ ಬಂದರೆ ಟೀ ಅಂಗಡಿಯಲ್ಲಿ ಮನೆ ವಿಚಾರಿಸುತ್ತಾರಲ್ಲ, ಆ ಟೀ ಅಂಗಡಿಯವನೇ ನೇಮ್‌ಸರ್ವರ್. ಅವನು ಹೇಳುವ ಮನೆ ನಂಬರೇ ಐಪಿ ಅಡ್ರೆಸ್. ಮನೆ ಬದಲಾಯಿಸಿದರೆ ಅವನಿಗೆ ತಿಳಿಸಬೇಕು. ಇಷ್ಟೇ. ಇಷ್ಟಕ್ಕೇ ನನ್ನ ತಲೆಕೂದಲು ನರೆತಿದೆ.

ಈ ವರ್ಷ ನಾನು ಬಾಡಿಗೆಗೆ ಹಿಡಿದಿದ್ದ ಸರ್ವರಿನವರು, ಮುಂದಿನ ವಾರ ಶುಕ್ರವಾರ ಮುಚ್ಚುತ್ತೇವೆ ಅಂತ ಒಂದು ಮೇಲ್ ಹಾಕಿ ಕೈತೊಳೆದುಕೊಂಡರು. ಅಷ್ಟರೊಳಗೆ ಗಿರಾಕಿಗಳೆಲ್ಲ ಹೊಸ ನೇಮ್‌ಸರ್ವರಿಗೆ ಬರಬೇಕು. ಬರದವರ ಸೈಟೂ ಹೋಯಿತು, ಇಮೇಲೂ ಹೋಯಿತು. ನಾನು ಇಲ್ಲಿ ಬದಲಾವಣೆ ಒತ್ತಿದರೆ ಗಿರಾಕಿಯ ಮೊಬೈಲಿಗೆ ಆರಂಕಿಯ ಓಟಿಪಿ ಬರುತ್ತದೆ, ಅವರು ಅದನ್ನು ಓದಿ ಹೇಳಬೇಕು. ಓದಿ ಹೇಳುವುದು ಎಷ್ಟು ಕಷ್ಟದ ಕೆಲಸ ಅಂತ ಆ ಹತ್ತು ದಿನದಲ್ಲಿ ಗೊತ್ತಾಯಿತು.

೧. ಎಂಟು ಬೇಡ

ಕೃಷ್ಣಗಿರಿ ರಸ್ತೆಯ ಗ್ರಾನೈಟ್ ಯಜಮಾನರು ಮೊದಲು ಹೊಸ ಐಪಿ ಏನೆಂದು ಕೇಳಿದರು. ಹೇಳಿದೆ. ಅತ್ತ ಕಡೆ ಒಂದೊಂದೇ ಅಂಕಿ ಕೂಡುವುದು ಕೇಳಿಸಿತು.

"ಕೂಡುದ್ರೆ ಎಂಟು ಬತ್ತದಲ್ಲಮ್ಮ. ಎಂಟು ಶನಿದು."

"ಅದನ್ನ ಯಾರೂ ನೋಡಲ್ಲ ಸಾರ್."

"ಶನಿಮಹಾತ್ಮ ನೋಡ್ತಾನಲ್ಲಮ್ಮ?"

ಅರ್ಧ ದಿನ ಜಗಳವಾಡಿ, ಸೋತು, ಕೂಡಿದರೆ ಒಂಬತ್ತು ಬರುವ ಇನ್ನೊಂದು ಐಪಿ ಹುಡುಕಿ ಕೊಟ್ಟೆ. ಸಂತೋಷವಾಯಿತು. ಆದರೆ ರಾಹುಕಾಲ ಕಳೆದ ಮೇಲೆ ಒತ್ತಬೇಕಂತೆ. ನನಗೆ ಪಿತ್ತ ನೆತ್ತಿಗೇರಿತು. "ಸಾರ್, ಇದು ಲೋಕವೆಲ್ಲ ಹರಡೋಕೆ ಒಂದು ದಿನ ಹಿಡಿಯುತ್ತೆ. ನಿಮಗೆ ಒಳ್ಳೆ ಗಳಿಗೆ ಇದ್ದಾಗ ಜರ್ಮನಿಯ ಗಿರಾಕಿಗೆ ರಾಹುಕಾಲ ಬಂದ್ರೆ ಏನ್ಮಾಡ್ತೀರಿ?"

ಗಂಭೀರವಾಗಿ ಯೋಚಿಸಿದರು. "ರಾಹು ಅವ್ರ ಕಡೆ ಹೋದ್ರೆ ನಮ್ಗೇನಮ್ಮ ನಷ್ಟ?"

೨. ಅಳಿಯನಿಗೆ ಮೊದಲು

ಕಲ್ಯಾಣ ಮಂಟಪದ ಯಜಮಾನರು ಓಟಿಪಿಯನ್ನೇನೋ ಪಟಪಟ ಹೇಳಿಬಿಟ್ಟರು. ಹೊಸ ಸರ್ವರಿಗೆ ಅವರ ಸೈಟನ್ನು ಹೊಸ ಬಣ್ಣ ಬಳಿದೇ ಹಾಕಿದ್ದೆ. ಒಂದು ಗಂಟೆಯ ಮೇಲೆ ಫೋನ್.

"ಸೇಲಂನಲ್ಲಿರೋ ನಮ್ಮ ಅಳಿಯಂಗೆ ಹೊಸ ಸೈಟ್ ಬಂದೈತಂತೆ. ನಂಗೆ ಬಂದಿಲ್ಲ."

"ಒಂದೊಂದು ಕಡೆ ಒಂದೊಂದು ಹೊತ್ತಿಗೆ ಬರುತ್ತೆ ಸಾರ್. ಸಾಯಂಕಾಲಕ್ಕೆ ನಿಮಗೂ ಬರುತ್ತೆ."

"ಮಂಟಪ ಕಟ್ಸಿದ್ದು ನಾನು. ಅವ್ನಿಗ್ಯಾಕೆ ಮೊದ್ಲು ತೋರಿಸ್ದೆ?"

ನಾನು ಯಾರಿಗೂ ತೋರಿಸಿಲ್ಲ, ತಾನಾಗಿ ಹರಡುವುದು ಅಂತ ಬಿಡಿಸಿ ಬಿಡಿಸಿ ಹೇಳಿದೆ. ಪಾಪ, ಅವರ ದನಿಯೇ ಬಿದ್ದುಹೋಯಿತು. "ಬಿಡಮ್ಮ. ಮಗಳ ಮದ್ವೆ ವಿಷ್ಯಾನೂ ಈ ಮನೇಲಿ ನಂಗೇ ಕೊನೇಲಿ ಗೊತ್ತಾಗಿದ್ದು."

೩. ಟ್ಯಾಂಕಿನ ಮೇಲಿಂದ

ಡೆಂಕಣಿಕೋಟೆ ಆಚೆ ತರಕಾರಿ ಬೆಳೆಯುವವರ ಸಂಘವೊಂದಿದೆ. ಅದರ ಕಾರ್ಯದರ್ಶಿಗೆ ಸಿಗ್ನಲ್ ಸಿಗುವುದು ಊರ ನೀರಿನ ಟ್ಯಾಂಕಿನ ಮೇಲೆ ಮಾತ್ರ. ಬೆಳಗ್ಗೆ ಆರೂವರೆಗೇ ಹತ್ತಿ ಫೋನ್ ಮಾಡಿದರು. ಒತ್ತಿದೆ. ನಾಲ್ಕು ಅಂಕಿ ಓದಿದರು, ನಿಲ್ಲಿಸಿದರು.

"ಹೂಂ, ಇನ್ನೆರಡು?"

"ಆನೆ ಬಂದೈತೆ ಕಣಮ್ಮ," ಅಂತ ಪಿಸುಗುಟ್ಟಿದರು. "ಟ್ಯಾಂಕ್ ಕೆಳ್ಗೇ ನಿಂತೈತೆ."

ನನಗೆ ಅಯ್ಯೋ ಅನ್ನಿಸಬೇಕಿತ್ತು. ಆದರೆ ಓಟಿಪಿಗೆ ಇನ್ನು ಎರಡೇ ನಿಮಿಷ ಉಳಿದಿತ್ತು, ಇನ್ನೂ ಹದಿನೈದು ಜನರ ಸೈಟ್ ಬಾಕಿಯಿತ್ತು. "ಮೆಲ್ಲಗೆ ಓದಿ ಸಾರ್, ಅದಕ್ಕೇನೂ ಕೇಳಿಸಲ್ಲ," ಅಂದೆ.

"ಅದ್ರ ಕಿವಿ ನೋಡಿದೀಯೇನಮ್ಮ ನೀನು?"

೪. ಗುಲಾಬಿ ತೋಟದವರು

ಉದ್ದನಪಲ್ಲಿ ಹತ್ತಿರ ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವವರೊಬ್ಬರಿದ್ದರು. ಆರ್ಡರೆಲ್ಲ ಬರುವುದು ಇಮೇಲಿನಲ್ಲಿ. ಬುಧವಾರ ಬೆಳಗ್ಗೆಯಿಂದ ಅವರ ನಂಬರಿಗೆ ಹಚ್ಚುತ್ತಿದ್ದೇನೆ, ಸ್ವಿಚ್ ಆಫ್. "ಎಲ್ಲಿ ಹಾಳಾಗಿ ಹೋದನೋ" ಅಂತ ಬಾಯಿಗೆ ಬಂದಂತೆ ಬೈದು, ಕೊನೆಗೆ ಅವರ ಹೆಂಡತಿಗೆ ಮಾಡಿದೆ.

"ಸೋಮ್ವಾರ ಎದೆನೋವು ಬಂತು, ಹೋಗ್ಬುಟ್ರು ಕಣಮ್ಮ," ಅಂದಿತು ಆ ತಾಯಿ. "ನಿನ್ನೆ ತೋಟದಾಗೇ ಮಣ್ಣು ಮಾಡಿದ್ವಿ."

ನಾಲಿಗೆ ಕಚ್ಚಿಕೊಂಡೆ. ಸತ್ತವರನ್ನು ಬೈದಿದ್ದೆನಲ್ಲ! ಮಧ್ಯಾಹ್ನವೇ ಹೊರಟು ಹೋದೆ. ಸಾವಿನ ಮನೆಯಲ್ಲಿ ಕೂತು ಓಟಿಪಿ ವಿಷಯ ಎತ್ತುವುದು ಹೇಗೆ? ಯಾಕೆ ಫೋನ್ ಮಾಡಿದ್ದೆ ಅಂತ ಆಯಮ್ಮನೇ ಕೇಳಿದರು, ನಾನು ಹೇಳಿಬಿಟ್ಟೆ. ಶುಕ್ರವಾರ ಇಮೇಲ್ ನಿಂತರೆ ಗಿರಾಕಿಗಳು ಬೇರೆ ತೋಟ ನೋಡಿಕೊಳ್ಳುತ್ತಾರೆ. ಹೂ ಕೊಯ್ಯುವ ಇಪ್ಪತ್ತು ಹೆಣ್ಣುಮಕ್ಕಳು ಅಂಗಳದಲ್ಲೇ ಕೂತಿದ್ದರು. ಓಟಿಪಿ ಬರುವುದು ಅವರ ಸಿಮ್ಮಿಗೇ; ಡೂಪ್ಲಿಕೇಟ್ ತೆಗೆಸಲು ಡೆತ್ ಸರ್ಟಿಫಿಕೇಟ್ ಬೇಕು, ಅದು ಸಿಗೋಕೆ ಕಡಿಮೆಯೆಂದರೂ ವಾರ.

"ಫೋನ್ ಎಲ್ಲಿದೆ ಅಮ್ಮ?"

ಆಕೆ ಗುಲಾಬಿ ಸಾಲಿನ ಆಚೆಯ ಹಸಿ ಮಣ್ಣಿನ ಕಡೆ ನೋಡಿದರು. "ಇದ್ದಾಗ ಕೈಯಿಂದ ಒಂದು ಗಳಿಗೆ ಬಿಟ್ಟೋರಲ್ಲ. ಜೊತೇಲೇ ಇರ್ಲಿ ಅಂತ ನಮ್ಮ ಮೈದ್ನ ಅವ್ರ ಜೇಬಿಗೇ ಇಟ್ಬುಟ್ಟ." ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಚಾರ್ಜರೂ ಇಟ್ಟಿದೀವಿ," ಅಂದರು.

ಗುರುವಾರ ಬೆಳಗ್ಗೆ ಮಣ್ಣಿಗೆ ಹಾಲು ತುಪ್ಪ ಬಿಡುವ ಶಾಸ್ತ್ರ. ನನ್ನನ್ನೂ ಬರಹೇಳಿದ್ದರು. ಹೋಗಿ ನೋಡಿದರೆ ತೋಟದ ಆಳುಗಳಿಬ್ಬರು ಗುದ್ದಲಿ ಹಿಡಿದು ನಿಂತಿದ್ದಾರೆ. ಆಯಮ್ಮ ಫೋನಿಗೋಸ್ಕರ ಅಗೆಸಲು ತೀರ್ಮಾನ ಮಾಡಿಬಿಟ್ಟಿದ್ದಾರೆ. ಎಂಥ ಕೆಲಸವಪ್ಪಾ ನನ್ನದು, ಹೆಣ ಅಗೆಸುವ ಕೆಲಸ!

ಮೈದುನ ಮಾತ್ರ ಅಳುತ್ತಾ ಅಡ್ಡ ನಿಂತಿದ್ದ. "ಬ್ಯಾಡ ಅತ್ಗೆ, ಅಣ್ಣನ ನಿದ್ದೆ ಕೆಡಿಸ್ಬ್ಯಾಡಿ. ಪಾಪ ಸುತ್ಕೋತದೆ." ಎಂಥ ದೇವರಂಥ ತಮ್ಮ ಅಂತ ನೆಂಟರೆಲ್ಲ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಆಕೆ ಮಣ್ಣಿನ ಮೇಲೆ ಹಾಲು ಬಿಟ್ಟು, ತುಪ್ಪ ಬಿಟ್ಟು, ಕೈಮುಗಿದು ಗಂಡನಿಗೆ ಹೇಳಿದರು: "ಇದ್ದಾಗ ಒಂದಿನಾನೂ ಆ ಫೋನ್ ನನ್ ಕೈಗೆ ಕೊಡ್ಲಿಲ್ಲ. ಅದ್ಕೆ ಈ ಗತಿ. ಅಗೆಸ್ತಾ ಇವ್ನಿ, ಬೇಜಾರು ಮಾಡ್ಕೋಬ್ಯಾಡಿ. ಆದ್ರೆ ನಿಮ್ಗೆ ಏನಾರ ಮಾಡೋಕಾದ್ರೆ, ಆ ಆರು ನಂಬ್ರ ನೀವೇ ಹೇಳ್ಬುಡಿ." ನನ್ನ ಕಡೆ ತಿರುಗಿ, "ಒತ್ತಮ್ಮ, ಒಂದು ಕಿತ ಕೇಳಿ ನೋಡಾನ," ಅಂದರು.

ಲ್ಯಾಪ್‌ಟಾಪ್ ಬಿಚ್ಚಿ ಒತ್ತಿದೆ. ಎಲ್ಲರೂ ಮಣ್ಣನ್ನೇ ನೋಡುತ್ತಿದ್ದರು.

'ಟಿಂಗ್' ಅಂತು, ಮೈದುನನ ಜೇಬಿನಲ್ಲಿ.

ಅವನು ಜೇಬನ್ನು ಕೈಯಿಂದ ಮುಚ್ಚಿಕೊಂಡ. ಇನ್ನೊಂದು ಟಿಂಗ್. ಆಮೇಲೆ ಫೋನ್ ಹೊರಗೆ ತೆಗೆದು, "ಅಣ್ಣ ವರ್ಷದ ರೀಚಾರ್ಜ್ ಹಾಕ್ಸಿದ್ದ ಅತ್ಗೆ," ಅಂದ. "ಇನ್ನೂ ಎಂಟು ತಿಂಗ್ಳಿತ್ತು. ದಿನಾ ಎರಡು ಜಿಬಿ. ಸುಮ್ನೆ ಮಣ್ಣಾಗ್ತದಲ್ಲ ಅಂತ ಸಿಮ್ ಮಾತ್ರ ತೆಗ್ದಿಟ್ಟು, ನಿನ್ನೆ ರಾತ್ರಿ ನನ್ ಫೋನಿಗೆ ಹಾಕ್ಕೊಂಡೆ."

"ಓದು ಅದ್ನ," ಅಂದರು ಆಯಮ್ಮ.

ಓದಿದ. ಆರೂ ಅಂಕಿ ಹಾಕಿದೆ. ನೇಮ್‌ಸರ್ವರ್ ಬದಲಾಗಿದೆ ಅಂತ ತೋರಿಸಿತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಆಯ್ತೇನಮ್ಮ?"

"ಆಯ್ತಮ್ಮ. ಇಮೇಲ್ ಉಳೀತು."

ಆಳುಗಳು ಉಸ್ಸಪ್ಪಾ ಅಂತ ಗುದ್ದಲಿ ಹೆಗಲಿಗೇರಿಸಿ ಹೊರಟರು. ಆಯಮ್ಮ ಮೈದುನನ ಮೇಲಿಂದ ಕಣ್ಣು ತೆಗೆಯದೆಯೇ ಅವರನ್ನು ತಡೆದರು.

"ನಿಲ್ರಪ್ಪ. ಗುಂಡಿ ತೋಡೋದು ಇನ್ನೊಂದೈತೆ."