ಬಿಂದುಮಾಧವನ ಕಲಾಪ್ರೇಮ

ಓವರ್‌ಟೈಮ್ ಅಂದರೆ ನಂಬುತ್ತಾರೆಯೇ? ಇಲ್ಲ, ಅದಿನ್ನು ನಡೆಯದು. ಪಕ್ಕದ ಮನೆಯ ದೊಡ್ಡಯ್ಯನೂ ಅದೇ ಫ್ಯಾಕ್ಟರಿಯವನು. "ನಮಗಿಲ್ಲದ ಓವರ್‌ಟೈಮ್ ನಿಮಗೆಲ್ಲಿಂದ ಬಂತ್ರೀ?" ಎಂದು ಹೋದ ವಾರವೇ ಕೇಳಿದ್ದ. ತಲೆನೋವು? ಹಾಗಂದರೆ ಎಲ್ಲರೂ ಸುತ್ತ ಕೂತು ಹಣೆಗೆ ಮುಲಾಮು ತಿಕ್ಕುತ್ತಾರೆ. ಮನೆಯಿಂದ ಜಾರಿಕೊಳ್ಳಲು ನೆಪ ಹುಡುಕುತ್ತ, ಒಂದು ಕಾಲನ್ನು ಚಪ್ಪಲಿಗೆ ತೂರಿಸಿಕೊಂಡು ಬಿಂದುಮಾಧವ ಹೊಸ್ತಿಲಲ್ಲೇ ನಿಂತಿದ್ದ.

ತಾಪತ್ರಯಕ್ಕೆಲ್ಲ ಮೂಲ ಒಂದು ಕೂಲರ್. ನಾಗಪುರದ ಮೇ ತಿಂಗಳಿಗೆ ಹೆದರಿ ಗಾಂಧಿಬಾಗ್ ಪೇಟೆಯಿಂದ ಅವನು ಬೀರುವಿನಷ್ಟು ದೊಡ್ಡ ಕೂಲರ್ ತಂದಿದ್ದ. ಅದರ ತಂಪು ಕಾಲೊನಿಯ ಕನ್ನಡದವರಿಗೆಲ್ಲ ಗೊತ್ತಾಗಿ, ಸಾವಿತ್ರಮ್ಮನ ಭಜನಾ ಮಂಡಳಿ ಪ್ರತಿ ಭಾನುವಾರ ಮಧ್ಯಾಹ್ನ ಅವನ ಮನೆಯಲ್ಲೇ ಬೀಡುಬಿಟ್ಟಿತು. ವಾರವೆಲ್ಲ ಬೆಳಗಿನ ಪಾಳಿಗೆ ಕತ್ತಲಲ್ಲೇ ಏಳುವ ಮನುಷ್ಯನಿಗೆ ನಿದ್ದೆಗೆಂದು ಇದ್ದದ್ದು ಆ ಮಧ್ಯಾಹ್ನ ಒಂದೇ. ಬೇಡ ಎನ್ನಲು ಅವನಿಗೆ ಬಾಯಿಲ್ಲ. ಮದುವೆಯ ಮಂತ್ರವನ್ನೂ ಮನಸ್ಸಿನಲ್ಲೇ ಹೇಳಿಕೊಂಡವನು ಅವನು.

ಹೀಗೆ ತಪ್ಪಿಸಿಕೊಂಡು ಅಲೆಯುವಾಗ ಸಿಕ್ಕಿದ್ದು ಪಾರ್ಕಿನ ಪ್ರದರ್ಶನ ಭವನ. ಅದರ ಕಾಂಕ್ರೀಟ್ ಚಾವಣಿ ಎಣ್ಣೆಗೆ ಬಿದ್ದ ಹಪ್ಪಳದಂತೆ ಎಲ್ಲೆಲ್ಲೋ ಎದ್ದು ಎಲ್ಲೆಲ್ಲೋ ಮಡಚಿಕೊಂಡಿತ್ತು. ಬಾಗಿಲು ಹುಡುಕಲು ಕಟ್ಟಡಕ್ಕೆ ಒಂದು ಪ್ರದಕ್ಷಿಣೆ ಹಾಕಲೇಬೇಕು. ಒಳಗೆ ಮಾತ್ರ ಬಾವಿಯೊಳಗಿನ ತಂಪು, ಬಾವಿಯೊಳಗಿನ ಮೌನ. ಒಂದು ದೊಡ್ಡ ಚಿತ್ರದ ಎದುರಿಗೆ ಕಲ್ಲಿನ ಬೆಂಚು. ಅಂಗೈಯಲ್ಲಿ ಗದ್ದ ಊರಿ ಕೂತರೆ ಎಂಥ ನಿದ್ದೆ!

"ರೀ, ಎಲ್ಲಿಗೆ?" ಹೆಂಡತಿ ಶೈಲಜಾ ಕೇಳಿದಳು. ಹಿಂದೆ ಭಜನೆಯವರೆಲ್ಲ ತಾಳ ಹಿಡಿದು ಕಾಯುತ್ತಿದ್ದರು.

ಸುಳ್ಳೇ ಹೊಳೆಯದೆ ಬಿಂದುಮಾಧವ ನಿಜ ಹೇಳಿಬಿಟ್ಟ. "ಪಾರ್ಕಿನ ಭವನಕ್ಕ. ಚಿತ್ರಪ್ರದರ್ಶನ ಅದ."

ಭಜನೆಗೆ ಬಂದು ಕೂತಿದ್ದ ದೊಡ್ಡಯ್ಯ ಗಹಗಹಿಸಿದ. "ಚಿತ್ರ? ನೀವು? ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ತಿರುವಾಕೂ ಶೈಲಕ್ಕನ ಬರ್ಬೇಕು!"

"ಯಾವ ಚಿತ್ರ ನೋಡ್ತಾನೋ ಏನೋ," ಸಾವಿತ್ರಮ್ಮ ಶೈಲಜಾಳ ಕಡೆ ಅರ್ಥಗರ್ಭಿತವಾಗಿ ನೋಡಿದರು. "ಬಿಂದಪ್ಪಾ, ನಾವೂ ಬರ್ತೀವಿ. ಚಲೋ, ಏಳ್ರೆ ಎಲ್ಲಾರೂ!"

ಶೈಲಜಾಳ ಮುಖ ಸಣ್ಣಗಾಯಿತು. ಆಟೋದಲ್ಲಿ ಅವಳು ಗಂಡನಿಂದ ದೂರ ಸರಿದು ಕೂತಳು.

ಭವನದ ಬಾಗಿಲಲ್ಲಿ ಕಾವಲುಗಾರ ಎದ್ದು ಸಲಾಮು ಹೊಡೆದ. ಏನೂ ಹೇಳಬೇಡಪ್ಪಾ ಎಂದು ಬಿಂದುಮಾಧವ ಕಣ್ಣಲ್ಲೇ ಬೇಡಿಕೊಂಡ. ಆತ ಲೆಕ್ಕಿಸಲಿಲ್ಲ.

"ನಿಮ್ಮ ಸಾಹೇಬರಂಥ ಕಲಾಭಕ್ತರನ್ನು ನಾನು ನೋಡೇ ಇಲ್ಲ," ಎಂದ ಹಿಂದಿಯಲ್ಲಿ. "ವಾರವಾರ ಒಬ್ಬರೇ ಬಂದು ಅದೊಂದೇ ಚಿತ್ರದ ಮುಂದೆ ಕೂಡುತ್ತಾರೆ. ಹಿಂದಿನಿಂದ ನೋಡಿದರೆ ವಿಗ್ರಹವೇ. ನೊಣ ಕೂತರೂ ಅಲ್ಲಾಡುವುದಿಲ್ಲ!"

"ಒಬ್ಬರೇ?" ಶೈಲಜಾ ಕೇಳಿದಳು.

"ಒಬ್ಬರೇ."

ಶೈಲಜಾಳ ಕಣ್ಣು ತುಂಬಿತು. ಗಂಡನ ಅಂಗಿಯ ಕಾಲರ್ ಸರಿಪಡಿಸಿದಳು.

ಎಲ್ಲರೂ ಚಿತ್ರದ ಮುಂದೆ ನಿಂತರು. ಇಡೀ ಬೂದು ಬಣ್ಣ. ಮೂಲೆಯಲ್ಲೊಂದು ಕೆಂಪು ಚುಕ್ಕೆ. "ಇದೇನೈತಿ, ಹೇಳ್ರಿ ಸಾಹೇಬ್ರ," ಎಂದ ದೊಡ್ಡಯ್ಯ.

ಬಿಂದುಮಾಧವನಿಗೆ ಆ ಬೆಂಚು ಕಂಡದ್ದೇ ಅಭ್ಯಾಸಬಲದಿಂದ ಆಕಳಿಕೆ ಬಂತು. ಬಾಯಿ ಬಿಗಿಹಿಡಿದ. ತಡೆದ ಆಕಳಿಕೆ ಕಣ್ಣೀರಾಗಿ ಹರಿಯಿತು.

"ಕೇಳಬ್ಯಾಡೋ ದೊಡ್ಡಯ್ಯ," ಸಾವಿತ್ರಮ್ಮ ಪಿಸುಗುಟ್ಟಿದರು. "ಅವ್ಗ ದುಃಖ ತಡೀವಲ್ದು."

ತಾವೂ ಗದ್ಗದಿತರಾಗಿ ಗಂಟಲು ಸರಿಮಾಡಿಕೊಂಡರು. ಆ ಸದ್ದನ್ನು ಚಾವಣಿ ಎತ್ತಿಕೊಂಡು, ಮಡಿಕೆ ಮಡಿಕೆಯಲ್ಲೂ ಸುತ್ತಾಡಿಸಿ, ಹತ್ತು ಪಟ್ಟು ದೊಡ್ಡದು ಮಾಡಿ ವಾಪಸು ಕೊಟ್ಟಿತು. ಸಾವಿತ್ರಮ್ಮ ಬೆರಗಾದರು. "ಅಯ್ಯ ಶಿವನ! ನನ್ನ ದನಿ ಇಷ್ಟು ಚಂದ ಐತೇನು?" ಚೀಲದಿಂದ ತಾಳ ಹೊರಬಂತು. ಮರುಕ್ಷಣ ಭಜನೆ ಶುರುವಾಯಿತು. ಒಂದು ಮಂಡಳಿ ಹಾಡಿದರೆ ನಾಲ್ಕು ಮಂಡಳಿ ಹಾಡಿದಂತೆ! ಪಾರ್ಕಿನಲ್ಲಿ ಐಸ್ ಗೋಲಾ ತಿನ್ನುತ್ತಿದ್ದವರೆಲ್ಲ ಒಳನುಗ್ಗಿ ಚಪ್ಪಾಳೆ ತಟ್ಟಿದರು.

ಪ್ರದರ್ಶನ ನಡೆಸುವ ಯಶಿಕಾ ಮೇಡಂ ಓಡಿಬಂದರು. ಈಗ ಎಲ್ಲರನ್ನೂ ಹೊರದಬ್ಬುತ್ತಾರೆ ಎಂದು ಬಿಂದುಮಾಧವ ಆಸೆಯಿಂದ ನೋಡಿದ. ಅವರು ಸಾವಿತ್ರಮ್ಮನ ಎರಡೂ ಕೈ ಹಿಡಿದುಕೊಂಡರು. "ಇಷ್ಟು ಜನ ಎಂದೂ ಬಂದಿರಲಿಲ್ಲ! ಪ್ರತಿ ಭಾನುವಾರ ಇಲ್ಲೇ ಹಾಡಿ, ಪ್ಲೀಸ್!"

ಹೋಯಿತು ನಿದ್ದೆ, ಎಂದುಕೊಂಡ. ಆದರೆ ಮರುಗಳಿಗೆಯಲ್ಲಿ ಅವನ ತಲೆಯೊಳಗೆ ದೀಪ ಹತ್ತಿತು. ಭಜನೆ ಇಲ್ಲಿ ನಡೆದರೆ ಮನೆ ಖಾಲಿ! ಹಾಸಿಗೆ ಖಾಲಿ, ಕೂಲರ್ ಎದುರು ತಾನೊಬ್ಬನೇ! ಜೀವಮಾನದಲ್ಲಿ ಮೊದಲ ಸಲ ಬಿಂದುಮಾಧವ ಜೋರಾಗಿ ಕೂಗಿದ: "ಭಾಳ ಚಲೋ ಆತು! ಭಜನಿ ಇನ್ನ ಇಲ್ಲೇ ನಡೀಲಿ!" ಚಾವಣಿಯೂ ಅದನ್ನೇ ಕೂಗಿತು. ಎಲ್ಲರೂ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

ದೊಡ್ಡಯ್ಯ ಬಂದು ಅವನ ಹೆಗಲು ತಟ್ಟಿದ. "ಬರೋಬರ್ ಹೇಳಿದ್ರಿ. ನಿಮ್ಮ ಮನಿ ಹೆಂಗೂ ಖಾಲಿ ಇರ್ತೈತಿ ಅಂತ ನಮ್ಮ ಇಸ್ಪೀಟಿನ ಮಂದಿಗೆ ಈಗಷ್ಟ ಕೀಲಿ ಕೇಳಿದೆ. ಶೈಲಕ್ಕ ಹೂಂ ಅಂದ್ರು. ಅಂಥಾ ಕೂಲರ್ ಸುಮ್ನ ಕುಂದ್ರಬಾರ್ದು ನೋಡ್ರಿ!"

"ನೀವಂತೂ ಭಾನುವಾರ ಇಲ್ಲೇ ಇರ್ತೀರಲ್ಲ," ಶೈಲಜಾ ಅಭಿಮಾನದಿಂದ ನಕ್ಕಳು. "ನಿಮ್ಮ ಬೆಂಚು ಯಾರಿಗೂ ಬಿಟ್ಟುಕೊಡಬ್ಯಾಡ್ರಿ ಅಂತ ಮೇಡಂಗ ಹೇಳೀನಿ. ಸಾವಿತ್ರಮ್ಮಾರ ಮಗ್ಗುಲಕ್ಕ ನಿಮ್ಮ ಜಾಗಾ."

ಸಾವಿತ್ರಮ್ಮ ಅವನ ಕೈಗೆ ಒಂದು ಜೋಡಿ ತಾಳ ಕೊಟ್ಟರು. ಅವನು ತಟ್ಟತೊಡಗಿದ. ಲಯ ತಪ್ಪಿದಾಗಲೆಲ್ಲ ಚಾವಣಿ ಅದನ್ನು ಊರಿಗೆಲ್ಲ ಸಾರುತ್ತಿತ್ತು. ಶೈಲಜಾ ಮಾತ್ರ ಅವನನ್ನೇ ನೋಡುತ್ತ ಖುಷಿಯಿಂದ ಹಾಡುತ್ತಿದ್ದಳು.

ತಾನು ಅಲ್ಲಿಗೆ ಬರುತ್ತಿದ್ದದ್ದು ನಿದ್ದೆ ಮಾಡುವುದಕ್ಕೆ ಎಂದು ಬಿಂದುಮಾಧವ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.